ಚಿಕ್ಕಪ್ಪನ ಸೋಡಾ ಕೆಟ್ಟ ದಿನ

ಪುಷ್ಯ ಮಾಸ ಬಂತೆಂದರೆ ಹಾಸನದ ಸಂತೆಯಲ್ಲಿ ಹಸಿ ಕಡಲೆ ಗಿಡಗಳನ್ನು ಕಟ್ಟು ಕಟ್ಟಾಗಿ ತಂದು ಗೋಣಿತಾಟಿನ ಮೇಲೆ ರಾಶಿ ಹಾಕುತ್ತಾರೆ. ಕಟ್ಟನ್ನು ಕೈಗೆತ್ತಿಕೊಂಡರೆ ಸಾಕು, ಕಾಯಿ ಬಿಡಿಸುವ ಮೊದಲೇ ಬೆರಳಿಗೆ ಹುಳಿ ಅಂಟುತ್ತದೆ. ಎಲೆಯ ಮೇಲಿನ ಸಣ್ಣ ಸಣ್ಣ ರೋಮಗಳಲ್ಲಿ ಕೂತ ಹುಳಿ ಅದು. ಹಸಿ ಸೊಪ್ಪು, ಒದ್ದೆ ಮಣ್ಣು, ಎಳೆ ಹುಣಿಸೆಕಾಯಿ ಮೂರನ್ನೂ ಒಟ್ಟಿಗೆ ಹಿಚುಕಿದ ಹಾಗೆ ಅದರ ವಾಸನೆ. ಪಕ್ಕದಲ್ಲಿ ನಿಂತವರು ಬೆರಳು ಚೀಪಿ ಚಪ್ಪರಿಸುತ್ತಾರೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಕಿವಿಯವರೆಗೂ ಮುಖ ಬಿಸಿಯಾಗುತ್ತದೆ. ಯಾರೋ ನನ್ನನ್ನು ಹೆಸರು ಹಿಡಿದು ಕರೆದು, ನಿಮ್ಮ ಮನೆಯ ಸಂಗತಿ ಗೊತ್ತು ಎಂದ ಹಾಗಾಗಿ, ಕಟ್ಟನ್ನು ಇದ್ದಲ್ಲೇ ಇಟ್ಟು ಮುಂದೆ ಹೋಗುತ್ತೇನೆ. ಹೀಗೆ ಒಂದು ವಾಸನೆಗೆ ಹೆದರಿ ಅಂಗಡಿ ದಾಟಿಹೋಗುವವರು ನಿಮ್ಮಲ್ಲೂ ಇರಬಹುದು. ಇದ್ದರೆ ನಾನು ಹೇಳುವುದು ಅವರಿಗೆ ಬೇಗ ತಿಳಿಯುತ್ತದೆ.

ನಮ್ಮೂರು ದಂಡಿಗನಹಳ್ಳಿಯ ಹತ್ತಿರದ್ದು. ಐವತ್ತರ ದಶಕದಲ್ಲಿ ನಮ್ಮ ಮನೆಗೆ ಸುತ್ತಲ ಹಳ್ಳಿಗಳಲ್ಲಿ ಒಂದು ಹೆಸರಿತ್ತು, ಕಡಲೆ ಹುಳಿ ಮನೆ ಎಂದು. ಹೊಟ್ಟೆನೋವು, ಅಜೀರ್ಣ, ವಾಂತಿ, ಯಾವುದಕ್ಕೇ ಆದರೂ ಜನ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅಜ್ಜಿ ಒಳಗಿನಿಂದ ಸೀಸೆ ತಂದು, ಒಂದು ಲೋಟ ನೀರಿಗೆ ನಾಲ್ಕು ತೊಟ್ಟು ಬಿಟ್ಟು, ಚಿಟಿಕೆ ಉಪ್ಪು ಹಾಕಿ ಕೊಡುತ್ತಿದ್ದಳು. ಆ ಹುಳಿಯನ್ನು ತೆಗೆಯುವ ಕ್ರಮವೇ ಬೇರೆ. ಚಳಿಗಾಲದಲ್ಲಿ ಕೋಳಿ ಕೂಗುವ ಹೊತ್ತಿಗೆ ಮನೆಯ ಹಿರಿಯ ಹೆಂಗಸು ತಣ್ಣೀರಲ್ಲಿ ಮಿಂದು, ಯಾರ ಜೊತೆಗೂ ಮಾತಾಡದೆ ಹೊಲಕ್ಕೆ ಹೋಗಬೇಕು. ಇಬ್ಬನಿ ಬಿದ್ದ ಕಡಲೆ ಗಿಡಗಳ ಮೇಲೆ ತೆಳು ಪಂಚೆಯನ್ನು ಹಾಸಿ, ಅದು ನೆನೆದ ಮೇಲೆ ಬೋಗುಣಿಗೆ ಹಿಂಡಬೇಕು. ಗಿಡದ ಹುಳಿಯೆಲ್ಲ ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಬಂದಿರುತ್ತದೆ. ದಿನಾ ಹಿಂಡಿ ಹಿಂಡಿ ಕೈಯ ಚರ್ಮವೆಲ್ಲ ಬಿರಿದು, ಬಿರುಕಿನೊಳಗೆ ಹುಳಿ ಇಳಿದು ಉರಿಯುತ್ತದೆ. ಹಾಗೆ ಸೇರಿಸಿದ್ದನ್ನು ಗಾಜಿನ ಸೀಸೆಗೆ ತುಂಬಿ ವರ್ಷವಿಡೀ ಬಳಸುತ್ತಿದ್ದರು. ಹುಳಿ ಚೆನ್ನಾಗಿ ಬಂದರೆ ಆ ಹೆಂಗಸಿನ ಕೈಗುಣ ದೊಡ್ಡದು. ಸಪ್ಪೆಯಾದರೆ, ಮೈಲಿಗೆಯಲ್ಲಿ ಹೊಲಕ್ಕೆ ಇಳಿದಿದ್ದಾಳೆ ಎಂದು ಊರು ಬಾಯಿಗೆ ಬಂದದ್ದು ಆಡಿಕೊಳ್ಳುತ್ತಿತ್ತು.

ಮನೆಯಲ್ಲಿ ಇದ್ದವರು ಅಜ್ಜಿ, ಅಪ್ಪ, ಅವ್ವ ಮತ್ತು ನಾನು. ಅಪ್ಪ ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಬಸ್ಸಿನ ಬ್ಯಾಟರಿಗೆ ಹಾಕುವ ಆಸಿಡ್ಡನ್ನು, ಅಂದರೆ ಗಂಧಕಾಮ್ಲವನ್ನು, ಒಂದು ಜಾಡಿಯಲ್ಲಿ ತಂದು ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದ. ಅದರ ಹತ್ತಿರ ಸುಳಿದರೆ ಕಾಲು ಮುರಿಯುತ್ತೇನೆ ಎಂದು ನನ್ನನ್ನು ಹೆದರಿಸಿದ್ದ. ಅಪ್ಪನ ತಮ್ಮ ರಾಜಪ್ಪ, ನನ್ನ ಚಿಕ್ಕಪ್ಪ, ಹಾಸನದ ಒಂದು ಕಾಲೇಜಿನಲ್ಲಿ ಹುಡುಗರಿಗೆ ಪ್ರಯೋಗ ಮಾಡಿಸುವ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್. ಅವ್ವ ಮದುವೆಯಾಗಿ ಬಂದಾಗ ಅವನಿನ್ನೂ ಚಡ್ಡಿ ಹಾಕಲು ಹಟ ಮಾಡುವ ಹುಡುಗ. ಅವನಿಗೆ ಮೀಯಿಸಿ, ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಅವ್ವ. ಅವನು ಅದರ ಬದಲಿಗೆ ಒಲೆಯ ಮುಂದೆ ಕೂತು, ಇದ್ದಿಲು ಹಿಡಿದು ನೆಲದ ಮೇಲೆ ಅಕ್ಷರ ಬರೆದು ಅವಳಿಗೆ ಓದು ಕಲಿಸಿದ. ದೊಡ್ಡವನಾಗಿ ಕೆಲಸಕ್ಕೆ ಸೇರಿದ ಮೇಲೂ ಊರಿಗೆ ಬಂದರೆ ಅವನು ನೇರ ನುಗ್ಗುತ್ತಿದ್ದುದು ಅಡುಗೆಮನೆಗೆ. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಲೇಜಿನ ಮೇಷ್ಟರುಗಳ ನಡೆ, ಕೆಮ್ಮು, ಇಂಗ್ಲಿಷು ಎಲ್ಲವನ್ನೂ ಮಾಡಿ ತೋರಿಸುತ್ತಿದ್ದ. ಅಜ್ಜಿಯ ಎದುರು ಹಲ್ಲು ಕಾಣಿಸದ ನನ್ನ ಅವ್ವ ಆಗ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಆ ಮನೆಯಲ್ಲಿ ಅವಳ ನಗು ಕೇಳುತ್ತಿದ್ದುದು ಚಿಕ್ಕಪ್ಪ ಬಂದಾಗ ಮಾತ್ರ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದ ವರ್ಷ ಅಜ್ಜಿಯ ಮಂಡಿ ಹಿಡಿದುಕೊಂಡಿತು. ಹೊಲಕ್ಕೆ ಹೋಗಲಾರದೆ ಆ ವರ್ಷದ ಹುಳಿಯನ್ನು ಮೊದಲ ಬಾರಿಗೆ ಅವ್ವನ ಕೈಗೆ ಒಪ್ಪಿಸಿದಳು. ಒಪ್ಪಿಸುವಾಗ, "ನೋಡೇ ಪುಟ್ಟಮ್ಮ, ನಮ್ಮತ್ತೆ ನಂಗೆ ಕೊಟ್ರು, ನಾನ್ ನಿಂಗೆ ಕೊಡ್ತಾ ಇವ್ನಿ. ಮನೆ ಹೆಸ್ರು ಕೆಡಿಸ್ಬುಟ್ಟೀಯ," ಎಂದಳು. ಅವ್ವನಿಗೆ ಅದು ಪಟ್ಟ ಕಟ್ಟಿದ ಹಾಗೆ. ಅಷ್ಟು ವರ್ಷ ಆ ಮನೆಯಲ್ಲಿ ದುಡಿದದ್ದಕ್ಕೆ ಸಿಕ್ಕ ಮೊದಲ ಮರ್ಯಾದೆ ಅದು. ಆದರೆ ಆ ವರ್ಷ ಆಕಾಶ ಕೈಕೊಟ್ಟಿತು. ಧನುರ್ಮಾಸ ಪೂರ್ತಿ ಮೋಡ ಮುಸುಕಿ, ಆಗಾಗ ತುಂತುರು ಹನಿದು, ಗಿಡದ ಮೇಲಿನ ಹುಳಿಯೆಲ್ಲ ತೊಳೆದುಹೋಯಿತು. ಇಬ್ಬನಿಯೇ ಬೀಳಲಿಲ್ಲ. ಅವ್ವ ದಿನಾ ಮಿಂದು ಹೋಗುವಳು, ನಡುಗುತ್ತಾ ಬರುವಳು. ಅಜ್ಜಿ ಬೋಗುಣಿಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡು, "ಬಾವಿ ನೀರು," ಎಂದು ಉಗಿಯುವಳು. ಒಂದು ದಿನ, "ಎಂಗೆ ಓಗಿದ್ಯೋ ಏನ್ ಕತೆಯೋ," ಎಂದೂ ಅಂದಳು. ಅವ್ವ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದಳು. ಅದಾಗಿ ಕೆಲವು ದಿನಕ್ಕೆ ಹುಳಿ ಬಂತು. ಅಜ್ಜಿ ನಾಲಿಗೆಗೆ ಇಟ್ಟುಕೊಂಡು ಕಣ್ಣು ಮುಚ್ಚಿ, ಹುಬ್ಬು ಗಂಟು ಹಾಕಿ, "ಈಗ್ ಬಂತು ನೋಡು. ನಿನ್ ಕೈಯಾಗೂ ಗುಣ ಅದೆ ಬುಡು," ಎಂದಳು. ಅವತ್ತು ಅವ್ವನ ಮುಖ ನೋಡಿ ನಾನೂ ಹಿಗ್ಗಿದ್ದೆ. ಶಾಲೆಯಲ್ಲಿ ಗೆಳತಿಯರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಸಂಕ್ರಾಂತಿ ರಜಕ್ಕೆ ಚಿಕ್ಕಪ್ಪ ಬಂದ. ಈ ಸಲ ಪಂಚೆಯಲ್ಲಿ ಸುತ್ತಿಕೊಂಡು, ಬಸ್ಸಿನಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಅಳತೆಯ ಗೀಟುಗಳಿದ್ದ ಒಂದು ಉದ್ದ ಗಾಜಿನ ನಳಿಗೆ ತಂದಿದ್ದ. ಅದರ ಹೆಸರು ಬ್ಯೂರೆಟ್. ಜೊತೆಗೆ ಹೀರುವ ಪಿಪೆಟ್ಟು, ಸಣ್ಣ ಕತ್ತಿನ ಫ್ಲಾಸ್ಕು, ಎರಡು ಪುಟ್ಟ ಸೀಸೆ ಬಣ್ಣ, ಒಂದು ಸೀಸೆ ಕಾಸ್ಟಿಕ್ ಸೋಡಾ ನೀರು. ಪಕ್ಕದ ಮನೆಯ ಕಾಳಣ್ಣ ಕಡಲೆ ಹುಳಿ ಬರೀ ಇಬ್ಬನಿ ನೀರು, ವಾಸಿಯಾಗುವುದು ನಂಬಿಕೆಯಿಂದ ಎಂದು ಯಾವಾಗಲೂ ಚುಡಾಯಿಸುತ್ತಿದ್ದ. ಚಿಕ್ಕಪ್ಪನಿಗೆ ಅವನ ಬಾಯಿ ಮುಚ್ಚಿಸಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅತ್ತಿಗೆ ಹಿಂಡಿದ ಮೊದಲ ಹುಳಿಯನ್ನು ಊರಿನೆದುರು ಮೆರೆಸಬೇಕಿತ್ತು. ಜಗಲಿಯ ಮೇಲೆ ಮಣೆ ಹಾಕಿ, ನಳಿಗೆಯನ್ನು ಕಂಬಕ್ಕೆ ಕಟ್ಟಿ, ಜನ ಸೇರಿದ ಮೇಲೆ ಪಾಠ ಶುರುಮಾಡಿದ. "ಹುಳಿನಲ್ಲಿ ಎರಡು ಜಾತಿ ಕಾಳಣ್ಣ. ನಿಂಬೆ, ಹುಣಿಸೆ, ಗಿಡದ ಹುಳಿ, ಇವು ಮೆತ್ತನ್ನವು. ತಮ್ಮತ್ರ ಇರೋದನ್ನ ಒಂದೇ ಸಲಕ್ಕೆ ಬಿಟ್ಕೊಡಲ್ಲ, ಸ್ವಲ್ಪ ಸ್ವಲ್ಪ ಕೊಡ್ತವೆ. ಇನ್ನೊಂದು ಗಟ್ಟಿ ಜಾತಿ, ಗಂಧಕಾಮ್ಲ ಅಂತಾವು. ಅವು ಇರೋದನ್ನೆಲ್ಲ ಒಂದೇ ಏಟಿಗೆ ಸುರೀತವೆ. ಸೋಡಾ ಬಿಡ್ತಾ ಹೋದ್ರೆ ಹುಳಿ ಸಾಯ್ತದೆ. ಸತ್ತಿದ್ದು ಯಾವಾಗ ಅಂತ ಬಣ್ಣ ಹೇಳ್ತದೆ."

ಮೊದಲು ನಿಂಬೆರಸ ತೆಗೆದುಕೊಂಡ. ಒಂದು ಬಣ್ಣ ಹಾಕಿ ಮೇಲಿನಿಂದ ಸೋಡಾ ತೊಟ್ಟಿಕ್ಕಿಸಿದರೆ ಕೆಂಪಾಗಿದ್ದದ್ದು ಕಿತ್ತಳೆಯಾಯಿತು, ಮಾಸಲು ಹಳದಿಯಾಯಿತು. ಎಲ್ಲಿ ಕೆಂಪು ಮುಗಿದು ಎಲ್ಲಿ ಹಳದಿ ಶುರುವಾಯಿತು ಎಂದು ಕಾಳಣ್ಣನಿಗೂ ಅಜ್ಜಿಗೂ ಜಗಳವೇ ಆಯಿತು. ಇನ್ನೊಂದು ಬಣ್ಣ ಹಾಕಿ ಮತ್ತೆ ಮಾಡಿದ. ಅದಕ್ಕೆ ಬಣ್ಣವೇ ಇಲ್ಲ, ನೀರಿನ ಹಾಗೆ ಇತ್ತು. ಸೋಡಾ ಹೋಯಿತು, ಇನ್ನೂ ಹೋಯಿತು, ಮೊದಲನೆಯದಕ್ಕಿಂತ ಎಷ್ಟೋ ಹೆಚ್ಚು ಹೋದ ಮೇಲೆ ಫಕ್ಕನೆ ಕಣಗಿಲೆ ಹೂವಿನ ಗುಲಾಬಿ ಬಣ್ಣಕ್ಕೆ ತಿರುಗಿತು. ಮಕ್ಕಳೆಲ್ಲ ಹೋ ಎಂದೆವು. "ನೋಡಿದ್ರಾ, ಎರಡು ಬಣ್ಣಕ್ಕೆ ಎರಡು ಲೆಕ್ಕ. ಇಷ್ಟು ಅಂತರ ಬಂದ್ರೆ ಅದು ಗಿಡಮರದ್ದೇ ಹುಳಿ. ಗಟ್ಟಿ ಹುಳಿಯಾದ್ರೆ ಎರಡಕ್ಕೂ ಒಂದೇ ಲೆಕ್ಕ ಬರ್ತದೆ," ಎಂದು ಚಿಕ್ಕಪ್ಪ ಒಳಕ್ಕೆ ಕೂಗಿದ. "ಅತ್ತಿಗೆ, ನಿಮ್ ಸೀಸೆ ತನ್ನಿ." ಅವ್ವ ಬರಲು ತಡಮಾಡಿದಳು. ಅಜ್ಜಿ ಗದರಿದ ಮೇಲೆ ಬಂದು ಸೀಸೆಯನ್ನು ಹೊಸ್ತಿಲ ಮೇಲಿಟ್ಟು ಬಾಗಿಲಿಗೆ ಒರಗಿ ನಿಂತಳು. ನಾಚಿಕೆಯಿಂದ ಹಾಗೆ ನಿಂತಿದ್ದಾಳೆ ಎಂದುಕೊಂಡು ನಾನು ಅವಳತ್ತ ನೋಡಿ ನಕ್ಕೆ.

ಚಿಕ್ಕಪ್ಪ ಪಿಪೆಟ್ಟಿನಿಂದ ಹುಳಿ ಹೀರಿ ಫ್ಲಾಸ್ಕಿಗೆ ಬಿಟ್ಟ. ಮೊದಲ ಬಣ್ಣ ಹಾಕಿದ. ಸೋಡಾ ಬಿಡುತ್ತಾ ಹೋದ. ಕೆಂಪು ಕೆಂಪಾಗೇ ಉಳಿಯಿತು, ಎಷ್ಟು ಹೊತ್ತಾದರೂ ಮಾಸಲಿಲ್ಲ. ಆಮೇಲೆ ಒಂದೇ ತೊಟ್ಟಿಗೆ ಪೂರ್ತಿ ಹಳದಿಯಾಯಿತು. ಈ ಸಲ ಜಗಳಕ್ಕೆ ಜಾಗವೇ ಇರಲಿಲ್ಲ. ಚಿಕ್ಕಪ್ಪ ನಳಿಗೆಯ ಗೀಟಿನ ಹತ್ತಿರ ಕಣ್ಣಿಟ್ಟು ನೋಡಿದ. ಎರಡನೆಯ ಬಣ್ಣ ಹಾಕಿ ಮತ್ತೆ ಮಾಡಿದ. ಅದೇ ಗೀಟಿಗೆ ಬಂದು ನಿಂತಿತು. ಇನ್ನೊಂದು ಸಲ ಮಾಡಿದ, ಮತ್ತೆ ಅದೇ. ಓದುತ್ತಿರುವ ನಿಮಗೆ ಆಗಲೇ ಗೊತ್ತಾಗಿರುತ್ತದೆ. ಜಗಲಿಯ ಮೇಲಿದ್ದ ನಮಗೆ ಯಾರಿಗೂ ಗೊತ್ತಾಗಲಿಲ್ಲ. ಚಿಕ್ಕಪ್ಪ ತಲೆ ಎತ್ತಿ ಮೊದಲು ಕೊಟ್ಟಿಗೆಯ ಕಡೆ ನೋಡಿದ, ಆಮೇಲೆ ಬಾಗಿಲ ಕಡೆ. ಅವ್ವನ ಮುಖ ಬಿಳಿಚಿಹೋಗಿತ್ತು. "ಏನ್ಲಾ ರಾಜ, ಏನಂತದೆ ನಿನ್ನ ಬಣ್ಣ?" ಎಂದು ಅಜ್ಜಿ ಕೇಳಿದಳು. ಚಿಕ್ಕಪ್ಪ, "ನಾನ್ ತಂದ ಸೋಡಾ ಕೆಟ್ಟೋಗದೆ ಕಣವ್ವ. ಲೆಕ್ಕ ಸಿಕ್ತಿಲ್ಲ," ಎಂದ.

ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅದೇ ಹೊತ್ತಿಗೆ ಕೆಳಗೇರಿಯಿಂದ ಒಬ್ಬ ಹೆಂಗಸು, ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಅಜ್ಜಿ ಎಂದಿನಂತೆ, "ಪುಟ್ಟಮ್ಮ, ನಾಕು ತೊಟ್ಟು ಕೊಡು," ಎಂದಳು. ಅವ್ವ ಅಲುಗಾಡಲಿಲ್ಲ. ಚಿಕ್ಕಪ್ಪ ಸೀಸೆಯನ್ನು ತಾನೇ ಎತ್ತಿಕೊಂಡ. "ಒಂದ್ನಿಮಿಷ ಇರವ್ವ, ಇನ್ನೊಂದ್ ಸಲ ನೋಡ್ಬುಡ್ತೀನಿ," ಎಂದು ಫ್ಲಾಸ್ಕಿಗೆ ಸುರಿದ. ಅದು ಸರಿಯಾಗಲಿಲ್ಲವೆಂದು ಚೆಲ್ಲಿದ. ನಳಿಗೆಯನ್ನು ಹುಳಿಯಲ್ಲೇ ತೊಳೆಯಬೇಕೆಂದು ಅದಕ್ಕೆ ಹೊಯ್ದು ಚೆಲ್ಲಿದ. ಅಜ್ಜಿ ಬೇಡ ಬೇಡ ಎನ್ನುತ್ತಿದ್ದಂತೆ ಉಳಿದದ್ದನ್ನೂ ಬಣ್ಣದ ಜೊತೆ ಬೆರೆಸಿ ಸೋಡಾ ಸುರಿದ. ಜಗಲಿಯ ಕೆಳಗಿನ ಮಣ್ಣೆಲ್ಲ ಕಣಗಿಲೆ ಬಣ್ಣವಾಯಿತು. ಸೀಸೆ ಬರಿದಾಯಿತು. ಕಾಳಣ್ಣ ತೊಡೆ ತಟ್ಟಿ ನಕ್ಕ. "ಅಲ್ಲಾ ಕಣ್ಲಾ ಮೇಷ್ಟ್ರೇ, ಆಸನಕ್ಕೆ ಓಗಿ ಕಲ್ತಿದ್ದು ಇದೇನಾ? ಇದ್ದಿದ್ನೂ ಚೆಲ್ಲಿ ಕುಂತ್ಯಲ್ಲಾ!" ಎಂದ. ಅಜ್ಜಿ ನೆಲಕ್ಕೆ ಕೈ ಬಡಿದು ಶಪಿಸಿದಳು. "ವರ್ಸದ ಹುಳಿ ಮಣ್ಪಾಲು ಮಾಡ್ಬುಟ್ಟಲ್ಲೋ. ನಿನ್ ಗಾಜಿನ ಕೊಳ್ವೆ ತಕ್ಕೊಂಡು ಓಗು. ಇನ್ನೊಂದ್ ಕಿತ ಈ ಮನೆ ಒಳಗೆ ತರ್ಬ್ಯಾಡ," ಎಂದಳು. ಚಿಕ್ಕಪ್ಪ ಎಲ್ಲರ ಎದುರು ತಲೆ ತಗ್ಗಿಸಿ, "ತಪ್ಪಾಯ್ತು ಕಣವ್ವ," ಎಂದ. ನೋವು ತಿನ್ನುತ್ತಿದ್ದ ಆ ಮಗುವಿಗೆ ಜೀರಿಗೆ ಕಷಾಯ ಕಾಯಿಸಿ ಕೊಟ್ಟು ಕಳಿಸಿದರು.

ಮಾರನೆಯ ಬೆಳಿಗ್ಗೆ ಹಾಸನಕ್ಕೆ ಹೊರಡುವಾಗ ಚಿಕ್ಕಪ್ಪ ಅಪ್ಪನಿಗೆ, ಅಡುಗೆಮನೆಗೆ ಕೇಳುವ ಹಾಗೆ ಅಲ್ಲ, ತಗ್ಗಿದ ದನಿಯಲ್ಲೇ, "ಅಣ್ಣ, ಆ ಆಸಿಡ್ ಜಾಡೀನ ಬಸ್ಸಿನ ಶೆಡ್ಡಲ್ಲೇ ಇಟ್ಕೊ. ಮಕ್ಕಳು ಓಡಾಡೋ ಮನೆ," ಎಂದ. ಅಪ್ಪ ಆಗಲಿ ಎಂದು ಅವತ್ತೇ ಒಯ್ದ. ಆದರೆ ಗೋಡೆಯ ಆಚೆ ಅವ್ವ ಇದ್ದಳು. ಅವನಿಗೆ ಎಲ್ಲ ತಿಳಿದಿದೆ ಎಂದು ಅವಳಿಗೆ ಆಗ ಖಾತ್ರಿಯಾಯಿತು. ಅವನು ಹೋಗಿ ಬರುತ್ತೇನೆ ಅತ್ತಿಗೆ ಎಂದು ಬಾಗಿಲಲ್ಲಿ ನಿಂತು ಎರಡು ಸಲ ಕೂಗಿದ. ಅವ್ವ ಹಿತ್ತಲಿಗೆ ಹೋಗಿಬಿಟ್ಟಿದ್ದಳು.

ಅಲ್ಲಿಂದ ಮುಂದೆ ನಮ್ಮ ಮನೆ ಹಿಂದಿನಂತೆ ಆಗಲಿಲ್ಲ. ಊರಿಗೆ ಚಿಕ್ಕಪ್ಪ ಬಣ್ಣದ ಮೇಷ್ಟ್ರಾದ. ಬಸ್ಸಿಳಿದ ಕೂಡಲೇ ಹುಡುಗರು, "ಸೋಡಾ ಕೆಡ್ತಾ ಸಾ?" ಎಂದು ಕೂಗಿ ಓಡುತ್ತಿದ್ದರು. ಅವನು ನಗುತ್ತಿದ್ದ. ಅಡುಗೆಮನೆಯಲ್ಲಾದರೂ ಹಳೆಯ ಜಾಗ ಉಳಿದಿದ್ದರೆ ಅಷ್ಟು ಅವಮಾನವನ್ನು ಅವನು ತಡೆದುಕೊಳ್ಳುತ್ತಿದ್ದ. ಅವನು ಒಲೆಯ ಮುಂದೆ ಬಂದು ಕೂತರೆ ಅವ್ವ ಎದ್ದು ನೀರಿಗೆ ಹೋಗುತ್ತಿದ್ದಳು. ಊಟಕ್ಕೆ ಬಡಿಸುವಾಗ ನನ್ನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅವನು ಮೇಷ್ಟರುಗಳ ಕೆಮ್ಮು ಕೆಮ್ಮಿ ತೋರಿಸಿದರೆ ನಾನು ನಗುತ್ತಿದ್ದೆ, ಅವ್ವ ನಗುತ್ತಿರಲಿಲ್ಲ. ಹಬ್ಬಕ್ಕೆ ತಪ್ಪದೆ ಬರುತ್ತಿದ್ದವನು ವರ್ಷಕ್ಕೊಮ್ಮೆ ಬರತೊಡಗಿದ. ಕಡಲೆ ಹುಳಿಗೆ ಬಂದವರಿಗೆ ಅಜ್ಜಿ, ಮಗ ಚೆಲ್ಲಿಬಿಟ್ಟ ಎಂದು ಹೇಳಿ ಕಳಿಸಿದಳು. ಮುಂದಿನ ವರ್ಷ ಅವ್ವ ಹೊಲಕ್ಕೆ ಹೋಗಲು ಒಪ್ಪಲೇ ಇಲ್ಲ, ಎಷ್ಟು ಬೈದರೂ ಬಾಯಿ ಬಿಡಲಿಲ್ಲ. ಅಜ್ಜಿ ತೀರಿಕೊಂಡಳು, ಹೊಲ ಪಾಲಾಯಿತು, ಕಡಲೆ ಹುಳಿ ಮನೆ ಎಂಬ ಹೆಸರು ತಾನಾಗಿಯೇ ಬಿದ್ದುಹೋಯಿತು.

ಅರವತ್ತರ ದಶಕದಲ್ಲಿ ನಾನು ಪಿ.ಯು.ಸಿ.ಗೆ ಹಾಸನಕ್ಕೆ ಬಂದು, ಚಿಕ್ಕಪ್ಪನ ಕಾಲೇಜಿಗೇ ಸೇರಿ, ಅವನ ಬಾಡಿಗೆ ಮನೆಯಲ್ಲಿ ಉಳಿದೆ. ಅವನಿಗೆ ಮದುವೆಯಾಗಿರಲಿಲ್ಲ, ಅಡುಗೆ ತಾನೇ ಮಾಡುತ್ತಿದ್ದ. ಒಂದು ದಿನ ಪ್ರಯೋಗಾಲಯದಲ್ಲಿ ನಮಗೆ ಎರಡು ಆಮ್ಲ ಕೊಟ್ಟರು, ಪ್ರಬಲ ಒಂದು, ದುರ್ಬಲ ಒಂದು. ದುರ್ಬಲ ಆಮ್ಲದಲ್ಲಿ ಮೊದಲ ಬಣ್ಣ ನಿಂಬೆರಸದ ಹಾಗೆಯೇ ಎಳೆದಾಡಿ ಮಾಸಿತು, ಎರಡು ಬಣ್ಣಕ್ಕೆ ಎರಡು ಲೆಕ್ಕ ಬಂತು. ಪ್ರಬಲ ಆಮ್ಲದಲ್ಲಿ ಕೆಂಪು ಗಟ್ಟಿಯಾಗಿ ನಿಂತು, ಒಂದೇ ತೊಟ್ಟಿಗೆ ಹಳದಿಯಾಯಿತು. ಎರಡನೆಯ ಬಣ್ಣಕ್ಕೂ ಅದೇ ಗೀಟು. ನಮ್ಮ ಜಗಲಿ, ಕಾಳಣ್ಣನ ನಗು, ಬಾಗಿಲಿಗೆ ಒರಗಿದ ಅವ್ವ, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ನಳಿಗೆಯ ತಿರುಪು ಮುಚ್ಚಿದೆ. ಜನ ಕುಡಿಯುವ ಔಷಧಿಗೆ ನನ್ನ ಅವ್ವ ಬ್ಯಾಟರಿ ಆಸಿಡ್ ಬೆರೆಸಿದ್ದಳು. ಚಿಕ್ಕಪ್ಪ ಬರುವ ಮೊದಲೇ ಅದನ್ನು ಕೆಲವರು ಕುಡಿದೂ ಇದ್ದರು. ಅವರಿಗೆ ಏನೂ ಆಗಲಿಲ್ಲ, ವಾಸಿಯಾಯಿತೆಂದು ಹೇಳಿ ಬಾಳೆಹಣ್ಣು ತಂದುಕೊಟ್ಟವರೂ ಇದ್ದರು, ಆ ಹಣ್ಣು ನಾನೂ ತಿಂದಿದ್ದೆ. ಅದನ್ನು ನೆನೆದು ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಹತ್ತಿರ ಬಂದ ಚಿಕ್ಕಪ್ಪನ ಮುಖ ನೋಡಿ, "ಚಿಕ್ಕಪ್ಪ, ಅವತ್ತು ನಮ್ಮನೇಲಿ..." ಎಂದೆ. ಅವನು ನನ್ನ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡುತ್ತಾ, "ಅವತ್ತು ನನ್ನ ಸೋಡಾ ಕೆಟ್ಟಿತ್ತು ಕಣಮ್ಮ. ರೀಡಿಂಗ್ ಬರ್ಕೊ," ಎಂದು ಮುಂದಿನ ಹುಡುಗಿಯ ಕಡೆಗೆ ಹೋದ.

ಆ ರಜೆಗೆ ಊರಿಗೆ ಹೋದಾಗ ಅವ್ವ ನನಗೆ ಇಷ್ಟವೆಂದು ಅಕ್ಕಿರೊಟ್ಟಿ ತಟ್ಟಿದಳು. ತಟ್ಟುವ ಆ ಕೈಗಳನ್ನು ನೋಡಲು ನನ್ನಿಂದಾಗಲಿಲ್ಲ. ಅವಳನ್ನು ಕೇಳಬೇಕೆಂದು ಬಾಯಿ ತೆರೆದೆ, ಮುಚ್ಚಿದೆ. ಅವಳ ಮಾನ ಕಾಪಾಡುತ್ತಿದ್ದೇನೆ, ಚಿಕ್ಕಪ್ಪನ ದೊಡ್ಡತನವನ್ನು ನಾನೂ ಕಲಿತಿದ್ದೇನೆ ಎಂದುಕೊಂಡೆ. ಮುಂದಿನ ರಜೆಗೆ ಓದುವುದಿದೆ ಎಂದು ಹೋಗಲಿಲ್ಲ. ಅದರ ಮುಂದಿನದಕ್ಕೂ ಏನೋ ನೆಪ ಹೇಳಿದೆ.

ನಾನು ಬಿ.ಎಸ್‌ಸಿ. ಓದುತ್ತಿದ್ದಾಗ ಚಿಕ್ಕಪ್ಪನಿಗೆ ಕಾಮಾಲೆಯಾಯಿತು. ಔಷಧಿ ಹಿಡಿಯಲಿಲ್ಲ. ಸುದ್ದಿ ತಿಳಿದು ಅವ್ವ ಬರುವಷ್ಟರಲ್ಲಿ ಅವನು ಹೋಗಿದ್ದ. ಕಾರ್ಯವೆಲ್ಲ ಮುಗಿದ ಮಧ್ಯಾಹ್ನ ಅಪ್ಪ ಮನೆ ಮಾಲೀಕರನ್ನು ಕಾಣಲು ಹೋಗಿದ್ದ. ಹಿತ್ತಲಲ್ಲಿ ನಾನೂ ಅವ್ವನೂ ಇಬ್ಬರೇ. ಅವ್ವ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, "ಅವತ್ತು ರಾಜಪ್ಪ ನನ್ನ ಬೈದ್ಬುಟ್ಟಿದ್ರೆ ಆಗಿರೋದು ಕಣೆ," ಎಂದಳು. "ಎಲ್ರ ಮುಂದೆ ಬೈದಿದ್ರೂ ಆಗೋದು. ಅತ್ತೆ ಒಂದಷ್ಟು ದಿನ ಮಾತು ಬುಡೋರು, ಊರು ಒಂದಷ್ಟು ದಿನ ಆಡ್ಕೊಳ್ಳೋದು. ನಾನೂ ಅತ್ತು ಮುಗಿಸ್ಬುಡ್ತಿದ್ದೆ. ನನ್ ಮರ್ವಾದೆ ಉಳಿಸ್ಬುಟ್ಟ ಅವ್ನು. ಉಳಿಸಿದ್ ಮ್ಯಾಕೆ ಅವನ ಮಕ ಎಂಗೆ ನೋಡ್ಲಿ?" ಎಂದಳು. "ಮೊದ್ಲು ನಾನೇ ಕುಡುದು ನೋಡಿದ್ದೆ. ನಂಗೇನೂ ಆಗ್ಲಿಲ್ಲ ಅಂತ್ಲೇ ಬೇರೇರ್ಗೆ ಕೊಟ್ಟಿದ್ದು," ಎಂದು ಸೇರಿಸಿದಳು.

"ನಂಗೆ ಗೊತ್ತಿತ್ತು ಅವ್ವ," ಎಂದೆ. "ಕಾಲೇಜಿಗೆ ಸೇರಿದ ವರ್ಷವೇ ಗೊತ್ತಾಯ್ತು."

ಅವ್ವ ತಿರುಗಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಯಾವುದೋ ಹಳೆಯ ಲೆಕ್ಕವೊಂದು ಕೊನೆಗೂ ಹೊಂದಿಕೊಂಡ ಹಾಗಿತ್ತು. "ಅದ್ಕೇನೆ ನೀನು ರಜಕ್ಕೆ ಬರೋದು ಬುಟ್ಟಿದ್ದು?" ಎಂದಳು.

ಚಿಕ್ಕಪ್ಪ ಸುಮ್ಮನಿದ್ದದ್ದು ಅವಳ ಮೇಲಿನ ಪ್ರೀತಿಯಿಂದ. ನಾನು ಸುಮ್ಮನಿದ್ದದ್ದು ಅವಳ ಮಗಳೆಂಬ ನಾಚಿಕೆಯಿಂದ. ಎರಡನ್ನೂ ನಾನು ಒಂದೇ ಎಂದು ನಂಬಿಕೊಂಡಿದ್ದೆ. ಅವ್ವನಿಗೆ ಅವೆರಡರ ವ್ಯತ್ಯಾಸ ಕೂತಲ್ಲೇ ತಿಳಿದಿತ್ತು.

"ನೀನಾದ್ರೂ ಬೈಬೋದಿತ್ತಲ್ಲ ಮಗಾ," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ರಾಜಪ್ಪ ಉಣ್ಣುತ್ತಿದ್ದ ತಟ್ಟೆ ಯಾವುದು ಎಂದು ಕೇಳಿದಳು. ತಂದುಕೊಟ್ಟೆ. ಅದನ್ನು ಬೂದಿ ಹಾಕಿ ತಿಕ್ಕಿ, ತೊಳೆದು, ಬಿಸಿಲು ಬಿದ್ದ ಕಡೆ ಗೋಡೆಗೆ ಒರಗಿಸಿ, ಅದು ಒಣಗುವವರೆಗೂ ಪಕ್ಕದಲ್ಲೇ ಕೂತಿದ್ದಳು.